ನನ್ನೆದುರು ಕೆಡದ ಯಂತ್ರ

ಕೆಟ್ಟ ಯಂತ್ರವನ್ನು ಸರಿಮಾಡುವುದು ದೊಡ್ಡ ಕಷ್ಟವೇನಲ್ಲ. ಕೆಟ್ಟಿದೆ ಎಂದು ಕರೆದವರ ಮನೆಗೆ ಸುಡುಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಹೋಗಿ, ಸ್ವಿಚ್ ಹಾಕಿದ ಕೂಡಲೇ ಏನೂ ಆಗಿಲ್ಲವೆಂಬಂತೆ ಗಿರ್ರನೆ ತಿರುಗುತ್ತದಲ್ಲ, ಅಂಥದ್ದರ ಸಹವಾಸ ಮಾತ್ರ ಬೇಡವೇ ಬೇಡ. ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಮಂಗಳೂರಿನ ಕುದ್ರೋಳಿಯ ಒಂದು ಮನೆಯಲ್ಲಿ ಅಂಥದ್ದೊಂದು ನನ್ನ ತಲೆ ತಿಂದಿತು.

ಆಗ ನಾನು ಹಂಪನಕಟ್ಟೆಯ ಹತ್ತಿರ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನಮ್ಮಲ್ಲಿಗೆ ಬರುತ್ತಿದ್ದುದು ತೋಟದ ಪಂಪು, ಹಿಟ್ಟಿನ ಗಿರಣಿಯ ಮೋಟಾರು, ಹೆಚ್ಚೆಂದರೆ ಸೀಲಿಂಗ್ ಫ್ಯಾನು. ಬಟ್ಟೆ ಒಗೆಯುವ ಯಂತ್ರವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಬಂದರಿನಲ್ಲಿ ಅಕ್ಕಿ ವ್ಯಾಪಾರವಿದ್ದ ಬ್ಯಾರಿ ಹಾಜಿಯವರೊಬ್ಬರ ಮನೆಗೆ ಕುವೈತಿನಲ್ಲಿದ್ದ ಮಗ ಅದನ್ನು ಹಡಗಿನಲ್ಲಿ ಕಳಿಸಿದ್ದ. ಅಪ್ಪನಿಗಲ್ಲ, ಅಮ್ಮನಿಗೆ. ಹಾಜಿಯವರ ತಾಯಿ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ದಿನಾ ಒದ್ದೆಯಾಗುವ ಅವರ ಹಾಸುಬಟ್ಟೆ, ಹೊದಿಕೆಗಳನ್ನು ಕೆಲಸದವರ ಕೈಗೆ ಕೊಡಲು ಸೊಸೆ, ಅಂದರೆ ಹಾಜಿಯವರ ಹೆಂಡತಿ, ಒಪ್ಪುತ್ತಿರಲಿಲ್ಲ. ಅತ್ತೆಯ ಬಟ್ಟೆಯನ್ನು ಹೊರಗಿನವರು ಮೂಗು ಮುಚ್ಚಿಕೊಂಡು ಒಗೆಯುವುದು ಅವರಿಗೆ ಆಗದು. ಸೋಡಾದಲ್ಲಿ ನೆನೆಸಿ, ಕಲ್ಲಿಗೆ ಬಡಿದು, ಹಿಂಡಿ ಹಿಂಡಿ ಅವರ ಬೆರಳುಗಳ ಸಂದೆಲ್ಲ ಬಿರಿದಿತ್ತು. ಒಣಗುವ ಮೊದಲೇ ಮತ್ತೆ ನೀರು, ಮತ್ತೆ ಸೋಡಾ. ಹೀಗೇ ಮಾಡಿದರೆ ಬೆರಳು ಮಡಚಲಿಕ್ಕೂ ಆಗದ ಹಾಗಾಗುತ್ತದೆ ಎಂದು ಡಾಕ್ಟರು ಹೆದರಿಸಿದ ಮೇಲೆಯೇ ಮಗ ಯಂತ್ರ ಕಳಿಸಿದ್ದು.

ಇದನ್ನೆಲ್ಲ ನನಗೆ ಹೇಳಿದ್ದು ಹಾಜಿಯವರು. ಅವರ ಹೆಂಡತಿಯನ್ನು ನಾನು ನೋಡಿರಲಿಲ್ಲ. ನೋಡುವ ಕ್ರಮವೂ ಆ ಮನೆಯಲ್ಲಿರಲಿಲ್ಲ. ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಹಾಜಿಯವರು ಕೆಮ್ಮುತ್ತಿದ್ದರು. ಒಳಗೆ ಬಳೆಯ ಸದ್ದು ದೂರ ಹೋಗುತ್ತಿತ್ತು, ಬಾಗಿಲೊಂದು ಮುಚ್ಚುತ್ತಿತ್ತು. ಆಮೇಲೆ ಹಿಂದಿನ ಬಟ್ಟೆ ಒಗೆಯುವ ಕೋಣೆಗೆ ನನ್ನ ಪ್ರವೇಶ. ಹೀಗಾಗಿ ಯಂತ್ರವನ್ನು ದಿನಾ ನಡೆಸುವವರು ಒಬ್ಬರು, ಅದರ ಅವಸ್ಥೆಯನ್ನು ನನಗೆ ವರದಿ ಮಾಡುವವರು ಇನ್ನೊಬ್ಬರು. ಈ ಎರಡನೆಯವರು ಜನ್ಮದಲ್ಲಿ ಒಂದು ಕರವಸ್ತ್ರ ಒಗೆದವರಲ್ಲ.

ಯಂತ್ರಕ್ಕೆ ಎರಡು ತೊಟ್ಟಿ. ಅಗಲದ್ದರಲ್ಲಿ ಸಾಬೂನು ನೀರು ಹಾಕಿ ಸ್ವಿಚ್ ತಿರುಗಿಸಿದರೆ ಒಂದು ಚಕ್ರ ಬಟ್ಟೆಯನ್ನು ಕುಲುಕುತ್ತದೆ. ಪಕ್ಕದ ಕಿರಿದಾದ ತೊಟ್ಟಿಯೊಳಗೆ ತೂತು ತೂತಿನ ಡಬ್ಬಿಯಿದೆ. ಒದ್ದೆ ಬಟ್ಟೆಯನ್ನು ಕೋಲಿನಲ್ಲಿ ಎತ್ತಿ ಅದಕ್ಕೆ ಹಾಕಿದರೆ ಡಬ್ಬಿ ಜೋರಾಗಿ ತಿರುಗಿ ನೀರನ್ನೆಲ್ಲ ಹೊರಕ್ಕೆ ಎಸೆಯುತ್ತದೆ. ಕೈಯಲ್ಲಿ ಹಿಂಡುವ ಕೆಲಸವಿಲ್ಲ. ಆ ಡಬ್ಬಿಯ ಕೆಳಗೆ ನೇರ ಒಂದು ಮೋಟಾರು. ತೊಂದರೆ ಇದ್ದದ್ದು ಅಲ್ಲಿ.

ಮೊದಲ ದೂರು, ಮುಚ್ಚಳ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಆಮೇಲೆ ಫ್ಯೂಸು ಹೋಗುತ್ತದೆ ಎಂದು. ನಾನು ಹೋಗಿ ಫ್ಯೂಸಿನ ತಂತಿ ಕಟ್ಟಿ ಸ್ವಿಚ್ ಹಾಕಿದೆ. ಚೆನ್ನಾಗಿ ತಿರುಗಿತು. ಟೆಸ್ಟ್ ಲ್ಯಾಂಪ್ ಹಿಡಿದು ಮೈಯೆಲ್ಲ ತಡಕಿದೆ, ಎಲ್ಲಿಯೂ ಕರೆಂಟಿನ ಸುಳಿವಿಲ್ಲ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ನೋಡಿದರೆ ಮಾತ್ರ ಅಳು ಬರುವ ಹಾಗಿತ್ತು. ವಯರಿಂಗ್ ಮಾಡಿದ ಪುಣ್ಯಾತ್ಮ ತಂತಿಯನ್ನು ಒಂದು ಗೂಟಕ್ಕೆ ಸುತ್ತಿ ಒಣ ಮುರಕಲ್ಲಿನ ಗೋಡೆಯ ಸಂದಿಗೆ ತುರುಕಿದ್ದ. ಅಂಗಳದ ಮೂಲೆಯಲ್ಲಿ ಗುಂಡಿ ತೋಡಿಸಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ ನೀರು ಹೊಯ್ಯಿಸಿದೆ. ಇನ್ನು ಶಾಕ್ ಹೊಡೆಯುವ ಮಾತೇ ಇಲ್ಲ ಎಂದು ಎದೆ ತಟ್ಟಿ ಬಂದೆ.

ಶಾಕ್ ಹೊಡೆಯಲಿಲ್ಲ, ಅದು ನಿಜ. ವಾರ ಕಳೆಯುವುದರೊಳಗೆ ಫ್ಯೂಸು ಹೋಯಿತು. ನಾನು ಹೋದಾಗ ಮತ್ತೆ ಸರಿ! ಮೆಗ್ಗರ್ ಎಂದು ಒಂದು ಉಪಕರಣವಿದೆ, ಕೈಯಲ್ಲಿ ತಿರುಗಿಸಿದರೆ ಮೋಟಾರಿನ ಒಳಗಿಂದ ಮೈಗೆ ಕರೆಂಟು ಸೋರುತ್ತದೋ ಇಲ್ಲವೋ ಎಂದು ಮುಳ್ಳು ತೋರಿಸುತ್ತದೆ. ನಮ್ಮ ಧಣಿಗೆ ಅದು ಹೆತ್ತ ಮಗುವಿಗಿಂತ ಹೆಚ್ಚು. ಕಾಡಿ ಬೇಡಿ ತಂದು ಇಟ್ಟು ನೋಡಿದರೆ ಮುಳ್ಳು ಹೊಸ ಮೋಟಾರಿನಷ್ಟು ಚಂದ ತೋರಿಸಿತು.

“ಇದಕ್ಕೆ ಎಂತದೂ ಆಗ್ಲಿಲ್ಲ ಹಾಜಿಯವರೇ” ಎಂದೆ.

“ನೀನು ಬಂದಾಗ ಆಗುದಿಲ್ಲ ಮಾರಾಯ. ನೀನು ಹೋದ ಮೇಲೆ ಆಗ್ತದೆ.”

ಸಿಟ್ಟು ನೆತ್ತಿಗೇರಿತು, ಆದರೂ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸುಮ್ಮನೆ ಬರುವುದು ಬೇಡವೆಂದು ಮೋಟಾರನ್ನು ಬಿಚ್ಚಿ ಅಂಗಡಿಗೆ ತಂದೆ. ಒಂದು ಬದಿಯ ಸುರುಳಿ ತುಸು ಕಪ್ಪಾಗಿತ್ತು. ಅಷ್ಟೇ ಸಾಕು ನೆಪಕ್ಕೆ. ಹಳೆಯ ತಂತಿ ಕತ್ತರಿಸಿ ತೆಗೆದು, ಸುತ್ತು ಎಣಿಸಿ, ಹೊಸ ತಂತಿ ಸುತ್ತಿ, ವಾರ್ನಿಷ್ ಹೊಯ್ದು, ಪೆಟ್ಟಿಗೆಯಲ್ಲಿ ದೊಡ್ಡ ಬಲ್ಬು ಉರಿಸಿ ಒಣಗಿಸಿದೆ. ನನ್ನ ಕೈಯ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು. ಅಷ್ಟು ದಿನ ಆ ಮನೆಯಲ್ಲಿ ಬಟ್ಟೆ ಮತ್ತೆ ಕಲ್ಲಿನ ಮೇಲೆ. ಮೋಟಾರು ಕೂರಿಸಲು ಹೋದ ದಿನ ಅರ್ಧ ತೆರೆದ ಬಾಗಿಲಿನಿಂದ ಚಹಾದ ಲೋಟ ಹೊರಗೆ ಬಂತು. ಹಿಡಿದ ಬೆರಳುಗಳಿಗೆ ಬಿಳಿ ಬಟ್ಟೆ ಸುತ್ತಿತ್ತು, ಬಟ್ಟೆಯ ಮೇಲೆ ಕೆಂಪು ಒಸರಿತ್ತು.

ಮೂರನೆಯ ಸಲ ಕರೆ ಬಂದಾಗ ಧಣಿ ನನ್ನನ್ನು ಬೈದು ಬಿಸಾಡಿದರು. ಹೊಸದಾಗಿ ಸುತ್ತಿದ ಮೋಟಾರು ಅಂಗಡಿಯ ಹೆಸರಿನಲ್ಲಿ ಹೋಗಿದೆ, ಊರೆಲ್ಲ ನಗುತ್ತದೆ ಎಂದು. ಹಾಜಿಯವರೂ ಬೇಸತ್ತಿದ್ದರು. ಬಂದರಿನಿಂದ ಬೊಂಬಾಯಿಗೆ ಸರಕು ಒಯ್ಯುವ ಮಂಜಿಗಳು, ಹಾಯಿ ಕಟ್ಟಿದ ದೊಡ್ಡ ದೋಣಿಗಳು, ಮಳೆಗಾಲ ಹಿಡಿಯುವ ಮೊದಲು ಓಡಾಟ ನಿಲ್ಲಿಸುತ್ತವೆ. ಕೊನೆಯ ಮಂಜಿ ಹೊರಡಲು ಇನ್ನು ಹೆಚ್ಚು ದಿನವಿರಲಿಲ್ಲ. ಅದರೊಳಗೆ ಸರಿಯಾಗದಿದ್ದರೆ ಈ ಶನಿಯನ್ನು ಅದರಲ್ಲೇ ಹಾಕಿ ಬೊಂಬಾಯಿಯ ನೆಂಟರಿಗೆ ಕಳಿಸಿಬಿಡುತ್ತೇನೆ, ಮನೆಯೊಳಗೆ ಕರೆಂಟು ಹೊಡೆದು ಯಾರಾದರೂ ಸತ್ತರೆ ಮಗನಿಗೆ ಏನು ಉತ್ತರ ಹೇಳಲಿ ಎಂದರು. ಅವರ ಮಾತಿನಲ್ಲಿಯೂ ತಪ್ಪಿರಲಿಲ್ಲ. ಆದರೆ ಮಂಜಿ ಹೋದರೆ ಮಳೆಗಾಲ, ಮಳೆಗಾಲವೆಂದರೆ ಒಣಗದ ಹಾಸುಬಟ್ಟೆಗಳ ರಾಶಿ, ಆ ಕೈಗಳು.

ಸರಿ, ವಿಚಾರಣೆ ಶುರುಮಾಡಿದೆ. ನನ್ನ ಪ್ರಶ್ನೆಯನ್ನು ತುಳುವಿನಲ್ಲಿ ಹಾಜಿಯವರಿಗೆ ಹೇಳಬೇಕು. ಅವರು ಅದನ್ನು ಬ್ಯಾರಿ ಭಾಷೆಯಲ್ಲಿ ಬಾಗಿಲಿನ ಕಡೆಗೆ ಹೇಳಬೇಕು. ಒಳಗಿನ ಉತ್ತರ ಅದೇ ದಾರಿಯಲ್ಲಿ ಹಿಂದೆ ಬರಬೇಕು. ಬಟ್ಟೆ ಒಗೆಯುವುದು ಹೇಗೆ? ಯಂತ್ರದ ಜೊತೆ ಬಂದ ಪುಸ್ತಕದಲ್ಲಿದ್ದ ಹಾಗೆ. ನೀರು ಎಷ್ಟು? ಗೆರೆಯವರೆಗೆ. ಹೆಚ್ಚು ಬಟ್ಟೆ ತುರುಕುತ್ತಾರಾ? ಇಲ್ಲ. ಒಳಗೆ ಸಾಕಷ್ಟು ದೀರ್ಘವಾಗಿ ಬಂದ ಉತ್ತರವೂ ಹಾಜಿಯವರ ಬಾಯಿಂದ ಹೊರಬರುವಾಗ ಒಂದೇ ಮಾತಾಗಿರುತ್ತಿತ್ತು, “ಎಲ್ಲ ಸರಿ ಉಂಟು.” ಎಲ್ಲ ಸರಿ ಇದ್ದರೆ ನಾನು ಇಲ್ಲಿ ಎಂತಕ್ಕೆ ಬೆವರುತ್ತಿದ್ದೇನೆ ಸ್ವಾಮಿ ಎಂದು ಕೇಳಬೇಕೆನಿಸಿತು.

ಯಂತ್ರವನ್ನು ಮಗುಚಿ ಮಲಗಿಸಿದೆ. ಈ ಸಲ ಮೋಟಾರನ್ನು ಬಿಟ್ಟು ಅದರ ಸುತ್ತಲಿನ ತಗಡನ್ನು ನೋಡಿದೆ. ಮೋಟಾರಿನ ತಲೆಯ ಮೇಲೆ, ಡಬ್ಬಿಯನ್ನು ತಿರುಗಿಸುವ ದಂಡ ಇಳಿದು ಬರುವಲ್ಲಿ, ತುಕ್ಕಿನ ಒಂದು ಬಳೆ. ಅಂದರೆ ಮೇಲಿನಿಂದ ನೀರು ಇಳಿಯುತ್ತಿದೆ. ಇಳಿದ ನೀರಿನಿಂದ ಫ್ಯೂಸು ಹೋಗುತ್ತದೆ. ನನ್ನನ್ನು ಕರೆಯುವಷ್ಟರಲ್ಲಿ ಮೇ ತಿಂಗಳ ಕಾವಿಗೆ ಎಲ್ಲ ಒಣಗಿ ಮೆಗ್ಗರಿನ ಮುಳ್ಳು ನನ್ನನ್ನು ನೋಡಿ ನಗುತ್ತದೆ. ಇಷ್ಟು ತಿಳಿದದ್ದೇ ಹಿಗ್ಗಿದೆ. ದಂಡದ ಸುತ್ತ ಇದ್ದ ರಬ್ಬರ್ ತೊಡುಗೆ ಸಡಿಲವಾಗಿದೆ ಎಂದು ತೀರ್ಮಾನಿಸಿ, ಲಾರಿ ಟ್ಯೂಬು ಕತ್ತರಿಸಿ ಹೊಸದು ಮಾಡಿ, ತಂತಿ ಬಿಗಿದು ಕೂರಿಸಿದೆ. ಒದ್ದೆ ಗೋಣಿ ಹಾಕಿ ತಿರುಗಿಸಿ ನೋಡಿದೆ. ಕೆಳಗೆ ಕಾಗದ ಹಾಸಿದ್ದೆ. ಒಂದು ಹನಿ ಬೀಳಲಿಲ್ಲ. ಹಾಜಿಯವರಿಗೆ ಆ ಕಾಗದವನ್ನೇ ತೋರಿಸಿ, ಮಂಜಿಗೆ ಅಕ್ಕಿ ಮಾತ್ರ ತುಂಬಿ ಎಂದು ಹೇಳಿ ಬಂದೆ.

ಮೂರು ದಿನವೂ ಆಗಿರಲಿಲ್ಲ. ಅಂಗಡಿಯ ಎದುರು ಹಾಜಿಯವರ ಕೊಡೆ ಕಂಡಾಗ ಹಿಂದಿನ ಬಾಗಿಲಿನಿಂದ ಓಡಿಹೋಗೋಣವೆನಿಸಿತು.

ದಾರಿಯಲ್ಲಿ ತಲೆಯೊಳಗೆ ಒಂದೇ ವಿಷಯ ಸುತ್ತುತ್ತಿತ್ತು. ನಾನು ನಡೆಸಿದರೆ ಕೆಡುವುದಿಲ್ಲ, ಹಾಜಿಯವರ ಹೆಂಡತಿ ನಡೆಸಿದರೆ ಕೆಡುತ್ತದೆ. ಹಾಗಾದರೆ ಅವರು ನಡೆಸುವುದನ್ನು ನೋಡದೆ ಈ ಜನ್ಮದಲ್ಲಿ ಇದು ಬಗೆಹರಿಯುವುದಿಲ್ಲ. ನೋಡುವ ಹಾಗಿಲ್ಲ. ಆದರೆ ಕೇಳಬಹುದಲ್ಲ? ಮೋಟಾರಿನ ಸದ್ದು ಕೇಳಿ ಬೇರಿಂಗ್ ಸವೆದದ್ದನ್ನು ಹೇಳುವವನು ನಾನು. ಗೋಡೆಯಾಚೆ ಕೂತು ಇದನ್ನೂ ಕೇಳುತ್ತೇನೆ.

ಹಾಜಿಯವರಿಗೆ ಹೇಳಿದೆ. ಅವರ ಹೆಂಡತಿ ಒಗೆಯುವ ಕೋಣೆಗೆ ಬರಲಿ, ಬಾಗಿಲು ಮುಚ್ಚಿಕೊಳ್ಳಲಿ. ಮಾಮೂಲಿ ದಿನ ಹೇಗೋ ಹಾಗೆಯೇ, ನಾನು ಇಲ್ಲವೇ ಇಲ್ಲ ಎಂದುಕೊಂಡು ಮೊದಲಿನಿಂದ ಕೊನೆಯವರೆಗೆ ಒಗೆಯಲಿ. ನಾನು ಹೊರಗಿನ ಜಗಲಿಯಲ್ಲಿ ಮೈನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ಕೂತಿರುತ್ತೇನೆ. ಹಾಜಿಯವರು ಗಡ್ಡ ತುರಿಸಿಕೊಂಡರು. ಹೆಂಗಸರು ಕೆಲಸ ಮಾಡುವುದನ್ನು ಕಿವಿಗೊಟ್ಟು ಕೇಳುವುದೂ ಚಂದವಲ್ಲ ಎಂದರು. ನನ್ನ ತಾಳ್ಮೆ ಮುಗಿದಿತ್ತು.

“ಹಾಗಾದ್ರೆ ನೀವೂ ನನ್ನೊಟ್ಟಿಗೆ ಕೂತ್ಕೊಳ್ಳಿ. ಇಲ್ಲದಿದ್ರೆ ಇವತ್ತೇ ಮಂಜಿಗೆ ಹಾಕಿ, ನನ್ನನ್ನು ಇನ್ನು ಕರೀಬೇಡಿ.”

ಒಳಗಿನಿಂದ ಏನೋ ಒಂದು ಮಾತು ಬಂತು. ಹಾಜಿಯವರು ಬಂದು ಪಕ್ಕದಲ್ಲಿ ಕೂತರು. ಒಳಗೆ ಯಂತ್ರದ ಎದುರು ಒಂದು ಮರದ ಮಣೆ ಇಡಿಸಿ, ಶಾಕ್ ತಾಗದಿರಲೆಂದು ಅದರ ಮೇಲೆಯೇ ನಿಂತು ಕೆಲಸ ಮಾಡಬೇಕೆಂದು ಹೇಳಿಸಿದೆ.

ಮೊದಲು ಕೇಳಿಸಿದ್ದು ಬಾವಿಯ ರಾಟೆ. ಒಗೆಯುವ ಕೋಣೆಯ ಗೋಡೆಗೆ ಅಂಟಿಕೊಂಡೇ ಬಾವಿ, ಒಳಗಿನಿಂದಲೇ ಸೇದುವ ಹಾಗೆ ಕಿಟಕಿ. ಬೇಸಿಗೆಯ ಕೊನೆ, ನೀರು ತಳ ಕಂಡಿತ್ತು. ಕೊಡ ಇಳಿದು ಮುಟ್ಟುವುದಕ್ಕೇ ಎಷ್ಟೋ ಹೊತ್ತು, ಮೇಲೆ ಬರಲು ಇನ್ನಷ್ಟು. ಒಂದಾದ ಮೇಲೆ ಒಂದು. ನಡುವೆ ರಾಟೆ ನಿಲ್ಲುತ್ತಿತ್ತು, ಮತ್ತೆ ಕಿರುಗುಟ್ಟುತ್ತಿತ್ತು. ಹಾಜಿಯವರು ಮೊದಲು ತಸ್ಬಿಯ ಮಣಿ ಎಣಿಸುತ್ತಿದ್ದರು, ಆಮೇಲೆ ಕೈ ನಿಂತಿತು. ಕೊನೆಗೆ ಯಂತ್ರ ಶುರುವಾಯಿತು. ಚಕ್ರ ಕುಲುಕುವ ಸದ್ದು ಸರಿಯಿತ್ತು. ನಿಂತಿತು. ಕೋಲಿನಲ್ಲಿ ಬಟ್ಟೆ ಎತ್ತಿ ಡಬ್ಬಿಗೆ ಹಾಕಿದ ಸದ್ದು. ಡಬ್ಬಿ ತಿರುಗಿತು, ವೇಗ ಹಿಡಿಯಿತು, ಸ್ವರ ತೆಳುವಾಯಿತು. ಇಲ್ಲಿಗೆ ಪುಸ್ತಕ ಮುಗಿಯುತ್ತದೆ.

ಆಗ ಕೇಳಿಸಿತು. ಕೊಡ ಎತ್ತಿದ ಉಸಿರು, ಧೊಳ್ಳೆಂದು ನೀರು. ಮೋಟಾರಿನ ಸ್ವರ ದಪ್ಪನಾಗಿ ಕುಸಿಯಿತು, ಮೆಲ್ಲ ಏರಿತು. ಮತ್ತೆ ಧೊಳ್. ಮತ್ತೆ ಕುಸಿಯಿತು. ಮೂರನೆಯದು ಬೀಳುವ ಮೊದಲೇ ನಾನು ಸ್ವಿಚ್ ಎಳೆದುಬಿಟ್ಟೆ.

“ತಿರುಗುವ ಡಬ್ಬಿಗೆ ಕೊಡಗಟ್ಟಲೆ ನೀರು ಹೊಯ್ಯುದಾ?” ಎಂದು ಹಾಜಿಯವರ ಮುಖಕ್ಕೇ ಕೂಗಿದೆ. ಆ ಡಬ್ಬಿಯ ಸುತ್ತಲಿನ ತೊಟ್ಟಿಗೆ ಕಿರುಬೆರಳಿನಷ್ಟು ಅಗಲದ ಕೊಳವೆ. ಒಂದು ಕೊಡ ನೀರು ಒಮ್ಮೆಲೇ ಬಿದ್ದರೆ ಅದರಲ್ಲಿ ಹೋಗುವುದು ಹೇಗೆ? ಏರಿ ಏರಿ ದಂಡದ ರಬ್ಬರಿನ ಮೇಲಿಂದ ಮೋಟಾರಿನ ನೆತ್ತಿಗೇ ಬೀಳುತ್ತದೆ. ನಾನು ಎಷ್ಟು ರಬ್ಬರು ಕಟ್ಟಿದರೂ ಅಷ್ಟೇ.

ಹಾಜಿಯವರು ಬ್ಯಾರಿಯಲ್ಲಿ ಶುರುಮಾಡುವ ಮೊದಲೇ ಬಾಗಿಲಿನ ಹಿಂದಿನಿಂದ ಉತ್ತರ ಬಂತು. ನನಗೇ ಬಂತು. ಶುದ್ಧವಾದ ತುಳುವಿನಲ್ಲಿ. ಇಷ್ಟು ದಿನ ನನ್ನ ಪ್ರಶ್ನೆಗಳನ್ನು ಅನುವಾದ ಮಾಡಿಸಿದ ನನ್ನ ಬುದ್ಧಿಗೆ ಏನು ಹೇಳಲಿ! ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುವುದಾದರೆ ಹೀಗೆ.

“ಕೊಳೆ ಹೋಗುದು ಬೇರೆ ಮಗಾ, ಶುದ್ಧ ಆಗುದು ಬೇರೆ. ಉಚ್ಚೆಯ ಬಟ್ಟೆ ತೊಟ್ಟಿಗೆ ಹಾಕಿದ್ರೆ ಆ ನೀರೂ ಅಶುದ್ಧ ಆಗ್ತದೆ. ಮೇಲಿಂದ ಒಳ್ಳೆ ನೀರು ಸುರಿದು, ಅದು ಹರಿದು ಹೋಗ್ಬೇಕು. ಇಲ್ಲದಿದ್ರೆ ಅತ್ತೆ ಮಲಗಿದಲ್ಲೇ ನಮಾಜ್ ಮಾಡುದು ಹೇಗೆ?”

ಹಾಜಿಯವರು ಮೆಲ್ಲನೆ ತಲೆಯಾಡಿಸಿದರು. ಅದು ಸರಿ, ಸುರಿಯಲೇಬೇಕು ಎಂದರು. ನಿಯಮ ಅವರಿಗೂ ಚೆನ್ನಾಗಿ ಗೊತ್ತಿತ್ತು. ಯಂತ್ರದಲ್ಲಿ ಅದು ಹೇಗೆ ನಡೆಯುತ್ತದೆ ಎಂಬ ಯೋಚನೆ ಮಾತ್ರ ಬಂದಿರಲಿಲ್ಲ.

“ಇದನ್ನು ಮೊದ್ಲೇ ಹೇಳ್ಬಾರ್ದಿತ್ತಾ ಅಮ್ಮಾ?” ಎಂದೆ. ಸ್ವರದಲ್ಲಿ ಸಿಟ್ಟು ಇನ್ನೂ ಇತ್ತು.

“ಒಗೆಯುದು ಹೇಗೆ ಅಂತ ಕೇಳಿದ್ರಿ, ಹೇಳಿದೆ. ಒಗೆದ ಮೇಲೆ ಎಂತ ಮಾಡ್ತೀರಿ ಅಂತ ಯಾರು ಕೇಳಿದ್ದು?”

ಕಲ್ಲಿನ ಮೇಲೆ ಹರಡಿ ಸುರಿದರೆ ಆಗದೇ ಎಂದು ನಾನು ಕೇಳಿದ್ದಕ್ಕೆ, ಹಾಗೆ ಸುರಿದರೆ ಮತ್ತೆ ಕೈಯಲ್ಲಿ ಹಿಂಡಬೇಕು, ಹಿಂಡುವುದಕ್ಕೆ ಕೈಯೆಲ್ಲಿದೆ ಎಂದರು. ಆಮೇಲೆ ತುಂಬ ಸಮಾಧಾನದಿಂದ, ಸುರಿಯಬಾರದು ಎಂದಾದರೆ ಯಂತ್ರವನ್ನು ಕಳಿಸಿಬಿಡಿ, ನಾನು ಕಲ್ಲಿನ ಮೇಲೆಯೇ ಒಗೆಯುತ್ತೇನೆ ಎಂದರು.

ಅಂಗಡಿಗೆ ಬಂದು ಧಣಿಗೆ ವಿಷಯ ತಿಳಿಸಿದಾಗ ಅವರು ಕುಣಿದಾಡಿದರು. ತಪ್ಪು ನಮ್ಮದಲ್ಲ, ಅವರದ್ದು. ನೀರು ಹೊಯ್ಯಬಾರದು ಎಂದು ಹೇಳಿ ಕೈ ತೊಳೆದುಕೋ, ಅಲ್ಲಿಗೆ ಕೇಸು ಖಲಾಸ್ ಎಂದರು. ಖಲಾಸ್ ಆಗುತ್ತಿದ್ದುದು ಯಾರು ಎಂದು ನನಗೆ ಗೊತ್ತಿತ್ತು. ಆ ಹೆಂಗಸು ಸುರಿಯದೆ ಇರುವವರಲ್ಲ. ಯಂತ್ರ ಹೋದರೂ ಸುರಿಯುತ್ತಾರೆ, ಬೆರಳು ಮಡಚಲಾಗದಿದ್ದರೂ ಸುರಿಯುತ್ತಾರೆ. ಹಾಗಾದರೆ ಬದಲಾಗಬೇಕಾದದ್ದು ಯಂತ್ರವೇ. ಕಂಪನಿಯವರು ಕೊಡ ನೀರಿನ ಲೆಕ್ಕ ಹಾಕಿರಲಿಲ್ಲ, ನಾನು ಹಾಕುತ್ತೇನೆ. ಧಣಿಗೆ ಎರಡು ದಿನ ರಜೆ ಕೇಳಿದೆ. ಸ್ವಂತ ಹೊಣೆಯಲ್ಲಿ ಏನು ಬೇಕಾದರೂ ಮಾಡಿ ಸಾಯಿ ಎಂದು ಹರಸಿ ಕೊಟ್ಟರು.

ಮೊದಲ ಕೆಲಸ, ಯಂತ್ರವನ್ನು ಎತ್ತರಿಸುವುದು. ಕಲ್ಲು ಜೋಡಿಸಿ ಕಟ್ಟೆ ಮಾಡಿಸಿ ಅದರ ಮೇಲೆ ಕೂರಿಸಿದೆ. ಮೂಲದಲ್ಲಿ ಕೊಳಕು ನೀರು ಮೇಲೇರಿ ಕೊಳವೆಯಿಂದ ಹೊರಬೀಳಬೇಕಿತ್ತು. ನಾನು ಆ ಕಿರಿದಾದ ತೊಟ್ಟಿಯ ತಳದಲ್ಲಿಯೇ ಅಗಲವಾದ ತೂತು ಕೊರೆದು, ಹಿತ್ತಾಳೆಯ ತುಂಡು ಬೆಸೆಯಿಸಿ, ದಪ್ಪ ರಬ್ಬರ್ ಪೈಪನ್ನು ನೇರ ಕೆಳಕ್ಕೆ ಬಿಟ್ಟೆ. ವಿದೇಶದಿಂದ ಬಂದ ಹೊಸ ಯಂತ್ರದ ತಳಕ್ಕೆ ಡ್ರಿಲ್ ಇಡುವಾಗ ಹಾಜಿಯವರು ಕಣ್ಣು ಮುಚ್ಚಿಕೊಂಡರು. ನನಗೂ ಮುಚ್ಚಿಕೊಳ್ಳಬೇಕೆನಿಸಿತ್ತು. ಆಮೇಲೆ ತಗಡಿನ ಕೆಲಸದವನಿಂದ ಅಗಲ ಕೊಡೆಯಂಥದ್ದೊಂದನ್ನು ಮಾಡಿಸಿ ಮೋಟಾರಿನ ನೆತ್ತಿಯ ಮೇಲೆ ದಂಡಕ್ಕೆ ಬಿಗಿದೆ. ಅದು ದಂಡದ ಜೊತೆಗೇ ತಿರುಗಬೇಕು, ಎಲ್ಲಿಯೂ ತಾಗಬಾರದು. ಮೊದಲ ಸಲ ತಾಗಿತು. ಸ್ವಿಚ್ ಹಾಕಿದ್ದೇ ತಡ, ನೆರೆಮನೆಯವರು ಓಡಿಬರುವಷ್ಟು ಸದ್ದು. ಬಿಚ್ಚಿ ಅಂಚು ಕತ್ತರಿಸಿದೆ. ಎರಡನೆಯ ಸಲ ತೂಕ ಒಂದು ಬದಿಗೆ ಹೆಚ್ಚಾಗಿ ಯಂತ್ರ ಕಟ್ಟೆಯಿಂದಲೇ ಇಳಿದು ಬರಲು ನೋಡಿತು. ಮತ್ತೆ ಬಿಚ್ಚಿ, ಎದುರು ಬದಿಗೆ ಸೀಸದ ಚೂರು ಬೆಸೆದು, ಕೈಯಲ್ಲಿ ತಿರುಗಿಸಿ ತಿರುಗಿಸಿ ಸಮ ಮಾಡಿದೆ. ಬೆನ್ನು ಬಾಗಿ ಹೋಯಿತು. ಆ ಯಂತ್ರ ಮಾಡಿದವನನ್ನೂ, ಕಳಿಸಿದ ಮಗನನ್ನೂ ನಾನು ಬಾಯಿತುಂಬ ಬೈದುಕೊಂಡೆ.

ಮಂಜಿ ಹೊರಡುವ ಹಿಂದಿನ ದಿನ ಪರೀಕ್ಷೆ. ಮತ್ತೆ ಅದೇ ಜಗಲಿ, ಅದೇ ಮುಚ್ಚಿದ ಬಾಗಿಲು. ಒಳಗೆ ಧೊಳ್ಳೆಂದು ಸುರಿದರು. ಸ್ವರ ಸ್ವಲ್ಪ ಕುಸಿದು ಕೂಡಲೇ ಏರಿತು, ಹೊರಗೆ ಪೈಪಿನಿಂದ ನೀರು ಭರ್ರೆಂದು ಚರಂಡಿಗೆ ಬಿತ್ತು. ಎರಡನೆಯದು. ಮೂರನೆಯದು. ಫ್ಯೂಸು ಹೋಗಲಿಲ್ಲ. ಅಷ್ಟು ಸಾಲದೆಂದು ನಾನು ಇನ್ನೂ ಸುರಿಯಿರಿ ಎಂದೆ. ಒಳಗಿನಿಂದ “ನೀರು ಮುಗೀತು, ಸೇದ್ಬೇಕು” ಎಂದು ಉತ್ತರ ಬಂತು.

ರಾಟೆ ಕಿರುಗುಟ್ಟಲಿಲ್ಲ. ಹಾಜಿಯವರು ಎದ್ದಿದ್ದರು. ಬಾಗಿಲಿನ ಮುಂದೆ ಒಂದು ಸಲ ಕೆಮ್ಮಿ, ಮುಂಡು ಮೇಲೆ ಕಟ್ಟಿಕೊಂಡು ಒಳಗೆ ಹೋದರು. ಹಗ್ಗ ಎಳೆಯುವ ರೀತಿಯಿಂದಲೇ ತಿಳಿಯುತ್ತಿತ್ತು, ಅವರಿಗೆ ಅಭ್ಯಾಸವಿಲ್ಲವೆಂದು. ಅಂತೂ ಕೊಡ ಮೇಲೆ ಬಂತು. ಅದನ್ನೂ ಸುರಿದು, ಬಳೆಯ ಸದ್ದು ದೂರ ಹೋದ ಮೇಲೆ ನಾನು ಮೆಗ್ಗರ್ ಹಚ್ಚಿ ನೋಡಿದೆ. ಅಷ್ಟು ನೀರು ಬಿದ್ದರೂ ಮುಳ್ಳು ಸೋರಿಕೆಯಿಲ್ಲವೆಂದು ಮೇಲೆಯೇ ನಿಂತಿತ್ತು. ಮರುದಿನ ಮಂಜಿ ಅಕ್ಕಿಮೂಟೆ ಮಾತ್ರ ಹೊತ್ತು ಹೋಯಿತು.

ಮಳೆ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಹಾಜಿಯವರು ಮತ್ತೆ ಅಂಗಡಿಗೆ ಬಂದರು. ಕೊಡೆ ಕಂಡ ಕೂಡಲೇ ಕೈಯಲ್ಲಿದ್ದ ಸುರುಳಿಯನ್ನು ಕೆಳಗಿಟ್ಟೆ. ಏನಾಯಿತು ಎಂದೆ. ಯಂತ್ರಕ್ಕೇನೂ ಆಗಿಲ್ಲ ಎನ್ನುತ್ತ ಅವರು ಎರಡೂ ಅಂಗೈಗಳನ್ನು ನನ್ನ ಮೇಜಿನ ಮೇಲೆ ಚಾಚಿದರು. ಬೆರಳುಗಳ ಬುಡದಲ್ಲೆಲ್ಲ ಬೊಕ್ಕೆಗಳು, ಒಂದೆರಡು ಒಡೆದಿದ್ದವು.

“ನೋಡು ಮಾರಾಯ, ಒಂದು ವಾರ ಸೇದಿದ್ದಕ್ಕೆ ಈ ಅವಸ್ಥೆ. ಬಾವಿಗೆ ಒಂದು ಕರೆಂಟಿನ ಪಂಪು ಇಟ್ರೆ ಎಂತ?”

ನನಗೆ ತಡೆಯಲಾಗಲಿಲ್ಲ. “ಇಡುವ ಹಾಜಿಯವರೇ. ನಿಮಗೆ ಮದುವೆಯಾದ ವರ್ಷವೇ ಇಡ್ಬೇಕಿತ್ತು” ಎಂದುಬಿಟ್ಟೆ.

ಆ ಕಡೆ ಧಣಿ ತಲೆಯೆತ್ತಿ ನನ್ನನ್ನು ದುರುಗುಟ್ಟಿ ನೋಡಿದರು. ಹಾಜಿಯವರು ಮಾತ್ರ ಸಿಟ್ಟಾಗಲಿಲ್ಲ. ಚಾಚಿದ್ದ ಅಂಗೈಗಳನ್ನು ಮೆಲ್ಲ ಮಡಚಿಕೊಂಡರು.

“ಅವಳೂ ಇದನ್ನೇ ಹೇಳಿದ್ದು” ಎಂದರು.